ಲೆಶ್ನಿತ್ಸಾದ ಖಾಲಿ ಪುಟ

ದಪ್ಪ ಮೆಣಸಿನಕಾಯಿ ಸುಡುವ ಕಾಲ. ಗಾಬ್ರೊವೊ ಪಟ್ಟಣದ ಬಾಲ್ಕನಿಗಳಿಂದೆಲ್ಲ ಒಂದೇ ಘಮ. ರಾಲಿತ್ಸಾ ಅಡುಗೆಮನೆಯ ಮೇಜಿನ ಒಂದು ಕಡೆ ಲ್ಯಾಪ್‌ಟಾಪ್, ಇನ್ನೊಂದು ಕಡೆ ಸುಟ್ಟ ಮೆಣಸಿನಕಾಯಿಯ ಬೋಗುಣಿ ಇಟ್ಟುಕೊಂಡು ಕೂತಿದ್ದಳು. ಕೆಮ್ಮು ಬಂದು ಶಿಶುವಿಹಾರಕ್ಕೆ ಹೋಗದ ಮಗಳು ಯಾನಾ ಮೇಜಿನ ಕೆಳಗೆ ಗೊಂಬೆಗೆ ಔಷಧಿ ಕುಡಿಸುತ್ತಿದ್ದಳು.

ಹತ್ತೂವರೆಗೆ ಫೋನ್ ಬಂತು. ಬೆಟ್ಟದ ಮೇಲಿನ ಲೆಶ್ನಿತ್ಸಾ ಹಳ್ಳಿಯ ವಾಚನಾಲಯ ನೋಡಿಕೊಳ್ಳುವ ತ್ಸೋಂಕಾ.

"ಮಗಳೇ, ಪುಟ ಬೆಳ್ಳಗಿದೆ."

"ಪೂರ್ತಿನಾ, ಚಿಕ್ಕಮ್ಮ?"

"ಇಸ್ತ್ರಿ ಮಾಡಿದ ದುಪ್ಪಟಿ ಥರ. ವಾಚನಾಲಯದ ಆರು ಟ್ಯಾಬ್ಲೆಟ್ಟಲ್ಲೂ ಒತ್ತಿ ನೋಡ್ದೆ."

ರಾಲಿತ್ಸಾ ಗಡಿಯಾರ ನೋಡಿದಳು. ಬರುವ ಸೋಮವಾರದಿಂದ, ಯಾರಾದರೂ ಸೀಟು ಕಾದಿರಿಸಿದ ದಿನ ಮಾತ್ರ ಬಸ್ಸು ಬೆಟ್ಟ ಹತ್ತುತ್ತದೆ. ಕಾದಿರಿಸುವ ಪುಟವನ್ನು ಮಾಡಿದವರು ಅವಳು ಮತ್ತು ಅವಳ ಜೊತೆಗಾರ ಕಾಮೆನ್. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಬಸ್ಸಿನ ಕಚೇರಿಯ ಪೆಂಚೆವ್ ವಾಚನಾಲಯಕ್ಕೇ ಬಂದು ನೋಡುತ್ತಾನೆ. ಪುಟ ತೆರೆಯದಿದ್ದರೆ ಪಟ್ಟಿಯಿಂದ ಲೆಶ್ನಿತ್ಸಾ ನಿಲ್ದಾಣವನ್ನೇ ತೆಗೆಯುತ್ತಾರೆ. ಬೇಸಿಗೆಯಲ್ಲಿ ಹನ್ನೊಂದು ಜನ ಹೆಂಗಸರ ಮುಂದೆ ನಿಂತು ರಾಲಿತ್ಸಾ ಮಾತು ಕೊಟ್ಟಿದ್ದಳು: ನಿಮ್ಮ ಹಳೇ ಟ್ಯಾಬ್ಲೆಟ್ಟಲ್ಲೇ ಎಲ್ಲಾ ನಡೆಯುತ್ತೆ, ಹೊಸದು ಬೇಡ.

ಹಾಗೆ ಹೇಳಲು ಅವಳಿಗಿದ್ದ ಧೈರ್ಯ ಒಂದು ಪುಟ್ಟ ಪ್ಲಗಿನ್, ಕೋಡಿಗೆ ಜೋಡಿಸಿಕೊಳ್ಳುವ ಸಹಾಯಕ ತಂತ್ರಾಂಶ. ಇವರು ಪುಟದ ಕೋಡನ್ನು ಹೊಸ ಬಗೆಯ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುತ್ತಾರೆ. ಹೊರಗೆ ಕಳಿಸುವ ಮುನ್ನ ಈ ಪ್ಲಗಿನ್ ಎಲ್ಲವನ್ನೂ ಹಳೆಯ ಬಗೆಗೆ ತಿರುಗಿಸಿ ಬರೆದಿಡುತ್ತದೆ, ಹತ್ತು ವರ್ಷ ಹಿಂದಿನ ಯಂತ್ರಕ್ಕೂ ತಿಳಿಯುವ ಹಾಗೆ.

ಕಾಮೆನ್‌ಗೆ ಕರೆ ಮಾಡಿದಳು. ಅವನು ಸಮುದ್ರದ ಕಡೆಯವನು, ವಾರ್ನಾದವನು, ಯಾವುದಕ್ಕೂ ಗಡಿಬಿಡಿಯಿಲ್ಲ.

"ನಮ್ ಕೋಡೆಲ್ಲ ಹಳೇ ಬಗೆಗೆ ತಿರುಗಿದೆ ಕಣೆ, ಈಗ್ತಾನೇ ನೋಡ್ದೆ. ಟ್ಯಾಬ್ಲೆಟ್ಟೇ ಸತ್ತಿರ್ಬೇಕು."

"ಆರೂ ಒಟ್ಟಿಗೇ ಸಾಯುತ್ವಾ?"

"ವಯಸ್ಸಾಗಿತ್ತಲ್ಲ."

"ಸುಮ್ನಿರು ಮಾರಾಯ."

ಆ ಟ್ಯಾಬ್ಲೆಟ್ಟಿನೊಳಗೆ ಇಣುಕಿ ನೋಡಲು ದಾರಿಯಿರಲಿಲ್ಲ. ರಾಲಿತ್ಸಾ ಕೈ ಒರೆಸಿಕೊಂಡು, ಪುಟದ ತಲೆಗೆ ಅತ್ಯಂತ ಹಳೆಯ ಬಗೆಯಲ್ಲಿ ನಾಲ್ಕು ಸಾಲು ಬರೆದಳು. ಏನಾದರೂ ಎಡವಿದರೆ, ಎಡವಿದ ಜಾಗ ದೊಡ್ಡ ಅಕ್ಷರದಲ್ಲಿ ಕಾಣಬೇಕು, ಅಷ್ಟೇ. ಮತ್ತೆ ತ್ಸೋಂಕಾಗೆ ಫೋನ್ ಮಾಡಿದಳು.

"ಈಗ ಮತ್ತೆ ತೆಗೀರಿ, ಚಿಕ್ಕಮ್ಮ. ಏನಿದ್ಯೋ ಹಾಗೇ ಓದಿ."

ತ್ಸೋಂಕಾ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಓದಿದರು. "ಕೊನೇಲಿ ಒಂದು ಪ್ರಶ್ನೆ ಚಿಹ್ನೆ. ಆಮೇಲೆ ನಾಲ್ಕು ಸಾವಿರದ ನೂರ ಹದಿನೆಂಟು. ನನ್ನನ್ನೇನಾದ್ರೂ ಕೇಳ್ತಿದ್ಯಾ ಇದು?"

"ಇಲ್ಲ, ನನ್ನನ್ನ ಕೇಳ್ತಿದೆ."

ನಾಲ್ಕು ಸಾವಿರದ ನೂರ ಹದಿನೆಂಟನೇ ಸಾಲಿನಲ್ಲಿ ಎರಡು ಪ್ರಶ್ನೆ ಚಿಹ್ನೆಗಳು ಜೋಡಿಯಾಗಿ ಕೂತಿದ್ದವು. ಹೊಸ ಬಗೆಯ ಬರಹ, ತಿರುಗದೇ ಉಳಿದದ್ದು. ಆದರೆ ಆ ಸಾಲು ಇವರದಲ್ಲ; ದಿನ ಆರಿಸಲೆಂದು ಬೇರೆಯವರಿಂದ ತಂದು ಸೇರಿಸಿದ ಕ್ಯಾಲೆಂಡರಿನದು. ಪ್ಲಗಿನ್ ಅದನ್ನೇಕೆ ಮುಟ್ಟಲಿಲ್ಲ? ಅವಳು ಸೆಟ್ಟಿಂಗ್ ತೆರೆದಳು. ಬೇರೆಯವರಿಂದ ತಂದ ಕೋಡಿನ ಕಡೆ ಹೋಗಬೇಡ ಎಂಬ ಸಾಲು ಅಲ್ಲಿತ್ತು. ಪಕ್ಕದಲ್ಲಿ ಬರೆದವರ ಹೆಸರು, ಎರಡು ವರ್ಷದ ಹಿಂದಿನ ತಾರೀಖು. ಹೆಸರು ಅವಳದೇ.

ನೆನಪಾಯಿತು. ಆಗ ಯಾನಾಗೆ ಎರಡು ವರ್ಷ. ಆ ಕೋಡನ್ನೂ ತಿರುಗಿಸಲು ಹೊರಟರೆ ಪ್ರತಿ ಸಲ ನಾಲ್ಕು ನಿಮಿಷ ಕಾಯಬೇಕು, ಅಷ್ಟು ಪುರಸೊತ್ತಿರಲಿಲ್ಲ. ಬೇರೆಯವರು ತಮ್ಮದನ್ನು ತಾವೇ ಹಳೆಯ ಬಗೆಗೆ ತಿರುಗಿಸಿಯೇ ಕೊಟ್ಟಿರುತ್ತಾರೆ ಎಂದು ಎಲ್ಲರಂತೆ ಅವಳೂ ನಂಬಿದ್ದಳು.

"ಕಾಮೆನ್, ತಪ್ಪು ನಂದು," ಎಂದಳು. ಯಾವ ಸಾಲೆಂದು ಓದಿ ಹೇಳಿದಳು.

ಅತ್ತಲಿಂದ ನಗು. "ಗಾಬ್ರೊವೊದವಳು ಅಂತ ತೋರಿಸ್ಬಿಟ್ಟೆ ನೋಡು! ಬಾಗಿಲು ಬೇಗ ಮುಚ್ಲಿ, ಒಲೆ ಶಾಖ ಉಳೀಲಿ ಅಂತ ಬೆಕ್ಕಿನ ಬಾಲ ಕತ್ತರ್ಸೋ ಜಿಪುಣ ಜನ. ನೀನು ಕ್ಯಾಲೆಂಡರಿನ ಬಾಲ ಕತ್ತರ್ಸಿದ್ದೀಯ."

"ಆಯ್ತು, ಈಗ ಅಂಟಿಸ್ತೀನಿ. ಇನ್ಮೇಲೆ ನಿಂಗೂ ನಾಲ್ಕು ನಿಮಿಷ ಕಾಯೋ ಯೋಗ."

"ಕಾಯ್ತೀನಿ ಬಿಡು. ಕಾಫಿ ಮಾಡ್ಕೊಳ್ಳೋಕೆ ಒಂದು ನೆಪ."

ಸೆಟ್ಟಿಂಗಿನ ಆ ಸಾಲನ್ನು ಅಳಿಸಿ ಪ್ಲಗಿನ್ನನ್ನು ಮತ್ತೆ ಓಡಿಸಿದಳು. ನಾಲ್ಕು ನಿಮಿಷದಲ್ಲಿ ಆರು ಮೆಣಸಿನಕಾಯಿಯ ಸಿಪ್ಪೆ ಸುಲಿದಾಯಿತು. ಯಾನಾಳ ಮೂಗನ್ನೂ ಒಂದು ಸಲ ಒರೆಸಿದ್ದಾಯಿತು. ಕೆಲಸ ಮುಗಿಯಿತು, ಆದರೆ ಕಡತ ಮೊದಲಿಗಿಂತ ದಪ್ಪಗಾಗಿತ್ತು. ಹನ್ನೆರಡಕ್ಕೆ ಇನ್ನು ಐದು ನಿಮಿಷ. ಬೆಟ್ಟದ ಮೇಲಿನ ನೆಟ್ಟೋ, ಏದುಸಿರು ಬಿಡುತ್ತಿತ್ತು.

"ಪೆಂಚೆವ್ ಬಂದಿದ್ದಾನೆ," ತ್ಸೋಂಕಾ ಫೋನಿನಲ್ಲಿ ಪಿಸುಗುಟ್ಟಿದರು. "ಪುಟ ಇನ್ನೂ ಸುತ್ತುತ್ತಾನೇ ಇದೆ."

ಹಿಂದಿನಿಂದ ಗಂಡಸಿನ ದನಿ ಕೇಳಿತು. "ಇನ್ನೆಷ್ಟು ಹೊತ್ತಮ್ಮಾ?"

"ಕೂತ್ಕೋಪ್ಪ. ಚೀಸ್ ಹಾಕಿ ಬೇಯಿಸಿದ ಬಾನಿತ್ಸಾ ಬಿಸಿ ಇದೆ. ಬಾಯಿ ತುಂಬಾ ಇಟ್ಕೊಂಡು ಅವಸರ ಮಾಡೋಕಾಗಲ್ಲ."

ತಟ್ಟೆ ಸದ್ದಾಯಿತು. ರಾಲಿತ್ಸಾ ಫೋನನ್ನು ಕಿವಿಗೊತ್ತಿಕೊಂಡು ಕಾದಳು. ಯಾನಾ ಮೇಜಿನ ಕೆಳಗಿಂದ ಬಂದು ಅವಳ ಮಡಿಲು ಹತ್ತಿದಳು.

"ಬಂತು!" ತ್ಸೋಂಕಾ ಎಂದರು. "ಬಣ್ಣ ಬಂತು ಮಗಳೇ! ಊರ ಹೆಸರಿದೆ, ಲೆಶ್ನಿತ್ಸಾ ಅಂತ."

"ಅವ್ರೇ ಒತ್ಲಿ, ಫೋನಲ್ಲಿ ನೀವು ಹೇಳ್ಕೊಡ್ಬೇಡಿ," ಪೆಂಚೆವ್‌ನ ತುಂಬಿದ ಬಾಯಿಯ ದನಿ.

ಒಂದು ಒತ್ತು. ಇನ್ನೊಂದು. ಮೂರನೆಯದು ಕೇಳಲಿಲ್ಲ.

"ಏನಾಯ್ತು, ಚಿಕ್ಕಮ್ಮ? ನಿಂತೋಯ್ತಾ?"

"ಇಲ್ಲ, ಇಲ್ಲ. ಯಾವ ದಿನ ಹೋಗ್ಬೇಕು ಅಂತ ಕೇಳ್ತಿದೆ." ತ್ಸೋಂಕಾ ಕುರ್ಚಿ ಎಳೆದುಕೊಂಡ ಸದ್ದಾಯಿತು. "ನಲವತ್ತು ವರ್ಷ ಆ ಬಸ್ಸು ತನಗೆ ಬೇಕಾದ ದಿನ ಬಂತು, ನಾವು ಹತ್ತಿದ್ವಿ. ನಂಗೆ ಯಾವ ದಿನ ಬೇಕು ಅಂತ ಯಾರೂ ಕೇಳಿರ್ಲಿಲ್ಲ. ತಡಿಯಮ್ಮ, ಯೋಚಿಸ್ತೀನಿ."

"ನಿಧಾನವಾಗಿ ಯೋಚಿಸಿ," ಎಂದಳು ರಾಲಿತ್ಸಾ.