ಅಕ್ಕನಿಗೆ ಕೊಟ್ಟ ಸೇಬಿನ ಐಸ್‌ಕ್ರೀಮ್

'ಸಕ್ಕರೆಯಿಲ್ಲ, ಕೆನೆಯಿಲ್ಲ, ಬರೀ ಹಣ್ಣು' ಎಂದು ತಂಗಿ ತನ್ನ ಐಸ್‌ಕ್ರೀಮ್ ಅಂಗಡಿಯ ಮುಂದೆ ಬರೆಸಿದ್ದಳು. ಹಣ್ಣಿನ ನಾರು, ಸತ್ವ, ಶಕ್ತಿ ಎಂದು ಶುರುಮಾಡಿದಳೆಂದರೆ ಗಿರಾಕಿಯ ಕೈಯಲ್ಲಿದ್ದುದು ಕರಗಿ ನೀರಾದರೂ ಇವಳ ಮಾತು ಮುಗಿಯುತ್ತಿರಲಿಲ್ಲ.

ಅಕ್ಕನ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ತಿನ್ನಬಾರದವುಗಳ ಪಟ್ಟಿಯೋ ಹನುಮಂತನ ಬಾಲ. ಹಣ್ಣುಗಳಲ್ಲಿ ಸೇಬು ಮಾತ್ರ ಕೊಂಚ ತಿನ್ನಬಹುದಿತ್ತು. ಅನ್ನ ಸೇರದೆ ಕಡ್ಡಿಯಾಗಿದ್ದ ಅಕ್ಕ ಇವತ್ತು ಬೆಳಿಗ್ಗೆ ತಂಗಿ ತಂದ ಸೇಬಿನ ಐಸ್‌ಕ್ರೀಮನ್ನು ಎರಡು ಬಟ್ಟಲು ತಿಂದಿದ್ದಳು. ತಂಗಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮಧ್ಯಾಹ್ನ ಅಂಗಡಿಯಲ್ಲಿ ನಾಳೆಗೆಂದು ಬಾಳೆಹಣ್ಣು ಸುಲಿಯುತ್ತಿದ್ದವಳ ಕೈ ಗಕ್ಕನೆ ನಿಂತಿತು. ಅವಳ ಎಲ್ಲ ಐಸ್‌ಕ್ರೀಮಿಗೂ ತಳಪಾಯ ಬಾಳೆಹಣ್ಣೇ. ಗಟ್ಟಿ ಹೆಪ್ಪುಗಟ್ಟಿಸಿ ರುಬ್ಬಿದರೆ ಕೆನೆಯಂತಾಗುತ್ತದೆ, ಮೇಲೆ ಸೇಬು ಬಿದ್ದರೆ ಸೇಬಿನದು, ಮಾವು ಬಿದ್ದರೆ ಮಾವಿನದು. ವರ್ಷಗಟ್ಟಲೆ ಮಾಡಿ ಮಾಡಿ, ಬಾಳೆಹಣ್ಣನ್ನು ಹಣ್ಣೆಂದು ಲೆಕ್ಕಕ್ಕಿಡುವುದನ್ನೇ ಮರೆತಿದ್ದಳು. ಪಟ್ಟಿಯ ಮೊದಲ ಸಾಲಿನಲ್ಲೇ ಅದಿತ್ತು. "ಇದ್ರಲ್ಲಿರೋ ಪೊಟ್ಯಾಸಿಯಂ ರಕ್ತದಲ್ಲಿ ಏರಿದ್ರೆ ಹೃದಯಾನೇ ನಿಂತುಬಿಡಬಹುದು" ಎಂದು ಡಾಕ್ಟರ್ ಅದರ ಮೇಲೆ ಬೆರಳಿಟ್ಟು ಹೇಳಿದ್ದರು.

ಕೂಡಲೇ ಅಕ್ಕನಿಗೆ ಫೋನ್ ಮಾಡಿದಳು.

"ಕಾಲು ಸೋತುಹೋಗಿದೆ ಕಣೇ," ಎಂದಳು ಅಕ್ಕ. "ಎದೆ ಒಂಥರಾ ಹೊಡ್ಕೋತಿದೆ."

ಟ್ಯಾಕ್ಸಿಯಲ್ಲಿ ಅಕ್ಕನನ್ನು ಅವಚಿಕೊಂಡು ಆಸ್ಪತ್ರೆ ಸೇರುವಷ್ಟರಲ್ಲಿ ತಂಗಿಯ ಜೀವ ಬಾಯಿಗೆ ಬಂದಿತ್ತು. ಎದೆಗೆ ವೈರು ಅಂಟಿಸಿ ಪರದೆ ನೋಡಿದ ಡಾಕ್ಟರ ಮುಖ ಗಂಟಿಕ್ಕಿತು.

"ಏನು ತಿಂದ್ರಿ ಇವತ್ತು?"

"ಸೇಬು, ಅಷ್ಟೇ," ಎಂದಳು ಅಕ್ಕ. "ತಂಗೀನೇ ಮಾಡಿಕೊಟ್ಟಿದ್ದು."

ನಿಜ ಹೇಳಿದರೆ ಒಡಹುಟ್ಟಿದವಳಿಗೇ ವಿಷ ಹಾಕಿದವಳು ಎಂದಾರು. ಸುಮ್ಮನಿದ್ದರೆ ಅಕ್ಕ ಹೋಗಿಬಿಡುತ್ತಾಳೆ.

"ಬಾಳೆಹಣ್ಣು!" ಎಂದು ತಂಗಿ ಕಿರುಚಿದಳು. "ನಾಲ್ಕಾದ್ರೂ ಹೋಗಿರ್ತವೆ, ಡಾಕ್ಟ್ರೇ. ನಾನೇ ಹಾಕಿದ್ದು!"

ನರ್ಸ್ ಓಡಿದಳು. ಸೂಜಿ ಚುಚ್ಚಿದರು, ಯಂತ್ರಕ್ಕೆ ಕೊಳವೆ ಜೋಡಿಸಿದರು. ಮೂರು ಗಂಟೆ ಹೊತ್ತು ತಂಗಿ ಆ ಪರದೆಯ ಗೆರೆಯಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಡಾಕ್ಟರ್ "ಗಂಡಾಂತರ ಕಳೀತು" ಎಂದು ಹೊರಗೆ ಹೋದರು.

"ಅಕ್ಕಾ, ತಪ್ಪಾಯ್ತು. ನಂಗೆ ನಿಜವಾಗ್ಲೂ ಹೊಳೀಲೇ ಇಲ್ಲ."

"ನಂಗೆ ಮೊದಲನೇ ಚಮಚಕ್ಕೇ ಗೊತ್ತಾಯ್ತು, ಬಾಳೆಹಣ್ಣು ಅಂತ."

"ಮತ್ಯಾಕೆ ತಿಂದೆ? ಎರಡು ಬಟ್ಟಲು!"

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

"ಸಾಕಾಗಿದೆ ಕಣೇ."

ಆವರೆಗೆ ಪಟ್ಟ ಭಯವೆಲ್ಲ ಏನೂ ಅಲ್ಲವೆನ್ನಿಸಿತು ತಂಗಿಗೆ. ಅಕ್ಕನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ಹೊತ್ತಾಯಿತು, ಇನ್ನು ಹೊರಡಿ ಎಂದು ನರ್ಸ್ ಎರಡು ಸಲ ಬಂದು ಹೇಳಿದರೂ ಬಿಡಲಿಲ್ಲ.