ಮಡಿಚಿದ ಕಿವಿ

ಟೈಲರ್ ಮಾವನಿಗೆ ಕೋಪ ಮೂಗಿನ ತುದಿಯಲ್ಲಿ, ಪ್ರೀತಿ ಮಾತ್ರ ಹೊಲಿಗೆ ಯಂತ್ರದ ಕೆಳಗೆ. ಅಲ್ಲಿ ಅವನ ಪಾದದ ಮೇಲೆ ತಲೆಯಿಟ್ಟು ಮಲಗುವ ಕರಿ ಬೀದಿನಾಯಿಯ ಹೆಸರು ಗುಂಡಿ. ಅಂಗಿಯ ಗುಂಡಿಯಂಥ ಕಣ್ಣು, ಅದಕ್ಕೇ. ಮಕ್ಕಳಿಲ್ಲದ ಮನೆಗೆ ಮಗಳಾಗಿ ಬಂದಳು ಎಂದು ಹೆಂಡತಿ ಹೇಳಿದರೆ, “ನಾಯಿ ನಾಯೀನೇ ಕಣೇ” ಎಂದು ಗದರಿಸಿ, ತನ್ನ ತಟ್ಟೆಯ ಅರ್ಧವನ್ನು ಅವಳಿಗೇ ಹಾಕುತ್ತಿದ್ದ.

ಭಾನುವಾರ ಬೀದಿಗೊಂದು ಹಳೆಯ ವ್ಯಾನ್ ಬರುತ್ತಿತ್ತು. ಕೆಲಸದಿಂದ ನಿವೃತ್ತರಾದ ನರ್ಸಮ್ಮ ಮತ್ತು ಅವರ ಜೊತೆಯವರು, ಯಾರಿಂದಲೂ ಸಂಬಳವಿಲ್ಲದೆ, ಬೀದಿನಾಯಿಗಳನ್ನು ಒಯ್ದು ಮರಿಯಾಗದಂತೆ ಆಪರೇಷನ್ ಮಾಡಿಸಿ, ಹಿಡಿದ ಜಾಗಕ್ಕೇ ತಂದು ಬಿಡುತ್ತಿದ್ದರು. ಆಪರೇಷನ್ ಆದದ್ದರ ಗುರುತಿಗೆ, ಮತ್ತಿನಲ್ಲಿರುವಾಗಲೇ ಕಿವಿಯ ತುದಿ ಕತ್ತರಿಸಿರುತ್ತಿದ್ದರು. ಆ ಗುರುತಿದ್ದ ನಾಯಿಯನ್ನು ಮತ್ತೆ ಹಿಡಿಯುತ್ತಿರಲಿಲ್ಲ.

“ಬಿಟ್ಟಿ ಸೇವೆ ಯಾರಾದ್ರೂ ಮಾಡ್ತಾರೇನೇ? ಒಯ್ದೋರು ವಾಪಸ್ ತರ್ದೇ ಹೋದ್ರೆ?” ಎಂದ ಮಾವನಿಗೆ ಹೊಳೆದದ್ದು ಶುದ್ಧ ಟೈಲರನ ಉಪಾಯ. ಪ್ಯಾಂಟಿನ ಅಂಚು ಮಡಿಚುವ ಹಾಗೆ ಗುಂಡಿಯ ಕಿವಿಯ ತುದಿಯನ್ನು ಒಳಕ್ಕೆ ಮಡಿಚಿ, ಕರಿ ಅಂಟುಪಟ್ಟಿ ಹಾಕಿದ. ನರ್ಸಮ್ಮ ದೂರದಿಂದಲೇ ನೋಡಿ, “ಇವಳದ್ದು ಆಗಿದೆ” ಎಂದು ಮುಂದೆ ಹೋದರು. ಮಾವ ಮೀಸೆಯಡಿ ನಕ್ಕ. ಆಮೇಲೆ ಪ್ರತಿ ಭಾನುವಾರವೂ ಇದೇ ಆಟ.

ವರ್ಷ ಕಳೆದಿರಬೇಕು. ಒಂದು ಭಾನುವಾರ ಪಟ್ಟಿ ಹಾಕಿಸಿಕೊಂಡ ಗುಂಡಿ ಮೇಲೇಳಲೇ ಇಲ್ಲ. ಎರಡು ದಿನದಿಂದಲೇ ಊಟ ಬಿಟ್ಟು ಮಂಕಾಗಿದ್ದಳು. ಈಗ ಹೊಟ್ಟೆ ಉಬ್ಬಿ ಮೈ ಸುಡುತ್ತಿತ್ತು. ಹೆಂಡತಿ ಓಡಿಹೋಗಿ ನರ್ಸಮ್ಮನನ್ನು ಕರೆತಂದಳು.

ನರ್ಸಮ್ಮ ಹೊಟ್ಟೆ ಮುಟ್ಟಿ ನೋಡಿ, ಫೋನಿನಲ್ಲಿ ಡಾಕ್ಟರಿಗೆ ಹೇಳಿದರು: “ಗರ್ಭಕೋಶದಲ್ಲಿ ಕೀವು ತುಂಬಿದ ಹಾಗೇ ಕಾಣ್ಸತ್ತೆ. ಆದ್ರೆ ಇವಳಿಗೆ ಗರ್ಭಕೋಶಾನೇ ತೆಗ್ದಾಗಿದೆ, ಕಿವೀಲಿ ಗುರುತಿದೆ. ಬೇರೆ ಏನೋ ಇರ್ಬೇಕು.”

ಮಾವ ಗುಂಡಿಯ ಕಿವಿ ನೋಡಿದ. ಹೇಳಿದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಗುಂಡಿ ಹೋಗುತ್ತಾಳೆ. ಹಾಳಾಗಿ ಹೋಗಲಿ ಮಾನ! ಕುಕ್ಕರಗಾಲಲ್ಲಿ ಕೂತು ಪಟ್ಟಿ ಬಿಡಿಸಿದ. ಇಡೀ ಕಿವಿ ನೆಟ್ಟಗೆ ನಿಂತಿತು.

“ಸುಳ್ಳು ಗುರುತಮ್ಮಾ. ಮಾಡಿದ ಪಾಪಿ ನಾನೇ. ನೀವು ಒಯ್ದುಬಿಡ್ತೀರ ಅಂತ ಹೆದ್ರಿದ್ದೆ.”

ನರ್ಸಮ್ಮ ಗುಂಡಿಯ ಮೈಯಡಿ ಕೈ ತೂರಿಸಿದರು. “ಬಯ್ಯೋದು ಬಾಕಿ ಇರ್ಲಿ. ಆ ಕಡೆ ಹಿಡ್ಕೊಳ್ಳಿ, ಎತ್ತಿ!”

ಆಸ್ಪತ್ರೆಯಲ್ಲಿ ಆಪರೇಷನ್ ಮುಗಿದರೂ ಗುಂಡಿ ಕಣ್ಣು ಬಿಡಲಿಲ್ಲ. ವ್ಯಾನ್ ಓಡಿಸುವಾತ, ವಾರವೆಲ್ಲ ಬಸ್ಸು ಓಡಿಸಿ ದಣಿದವನು, ಅವಳ ಪಕ್ಕ ಬರಿ ನೆಲದಲ್ಲಿ ಕೂತು ತಲೆ ಸವರುತ್ತಿದ್ದ. ನರ್ಸಮ್ಮ ಅವಳ ವಾಂತಿ ಒರೆಸುತ್ತಿದ್ದರು. ಇವರ ಮನೆಗೂ ಭಾನುವಾರ ಬರುತ್ತದಲ್ಲವೇ ಎಂದು ಮಾವನಿಗೆ ಮೊದಲ ಸಲ ಅನ್ನಿಸಿತು. ತಾನೂ ನೆಲಕ್ಕೆ ಕೂತ. ಸಂಜೆ ಹೊತ್ತಿಗೆ ಗುಂಡಿಯ ಬಾಲ ಒಂದು ಸಲ ಅಲ್ಲಾಡಿತು. ಮಾವ ಎಲ್ಲರ ಮುಂದೆಯೇ ಗಳಗಳನೆ ಅತ್ತ.

ಕೆಲವು ದಿನದ ಮೇಲೆ ವ್ಯಾನ್ ಅವಳನ್ನು ಅದೇ ಬಾಗಿಲಿಗೆ ತಂದು ಇಳಿಸಿತು. ಮಾವ ಹೊಟ್ಟೆಯ ಹೊಲಿಗೆ ನೋಡಿ, “ಡಾಕ್ಟ್ರ ಕೈ ಪರವಾಗಿಲ್ಲ” ಎಂದ. ಹೇಳಬೇಕೆಂದಿದ್ದದ್ದು ಅದಲ್ಲ. ಹೆಂಡತಿ ತಿವಿದಳು. ಆಗ ಕೈಮುಗಿದ: “ನನ್ನ ಮಗಳನ್ನ ಉಳ್ಸಿಕೊಟ್ರಿ. ಸಾಯೋವರೆಗೂ ಮರೆಯಲ್ಲಮ್ಮ.”

“ನಾಯಿ ನಾಯೀನೇ ಅಂತಿದ್ರಿ?” ಎಂದಳು ಹೆಂಡತಿ.

“ಸುಮ್ನಿರೇ!”

ಮುಂದಿನ ಭಾನುವಾರ ವ್ಯಾನ್ ಕಂಡ ಕೂಡಲೇ ಎದುರುಮನೆಯ ಹಾಲಿನವನು ತನ್ನ ಕೆಂಚು ನಾಯಿಯನ್ನು ಒಳಕ್ಕೆ ಎಳೆಯತೊಡಗಿದ.

“ಬಿಡಪ್ಪಾ, ವಾಪಸ್ ತಂದೇ ತರ್ತಾರೆ” ಎಂದು ಮಾವ ಬೀದಿಗೇ ಕೇಳುವಂತೆ ಕೂಗಿದ. “ಕಿವಿ ಮಡಿಚಿ ಮೋಸ ಮಾಡ್ದೋನು ಹೇಳ್ತಿದ್ದೀನಿ, ನಂಬು!”

ಹಾಲಿನವನು ಆಗಲೂ ಹಿಂಜರಿದ. ಮಾವ ಅಂಗಡಿಗೆ ಬೀಗ ಜಡಿದು, ತಾನೇ ವ್ಯಾನ್ ಹತ್ತಿ ಕೂತು, ಆ ನಾಯಿಗಾಗಿ ಮಡಿಲೊಡ್ಡಿದ.