ಪಟ್ಟಿಯಲ್ಲಿದ್ದ ಬಾಯ್ಲರ್

ನಮ್ಮ ಲಾಂಡ್ರಿಯಲ್ಲಿ ಆಸ್ಪತ್ರೆಗಳ ಚಾದರಗಳನ್ನು ಒಗೆಯುತ್ತೇವೆ. ಹರಿದದ್ದನ್ನು ಹೊಲಿಯುವುದು ನನ್ನ ಕೆಲಸ. ಕಲ್ಲಿದ್ದಲು ಹಾಕಿ ಬಾಯ್ಲರ್ ಕಾಯಿಸುವುದು ಮೂವತ್ತೊಂದು ವರ್ಷದಿಂದ ನನ್ನ ತಮ್ಮನ ಕೆಲಸ. ಇಲ್ಲಿ ಯಾರನ್ನೇ ಆಗಲಿ ಅವರ ಯಂತ್ರದ ಹೆಸರಿನಿಂದಲೇ ಕರೆಯುತ್ತಾರೆ. ಇಸ್ತ್ರಿ ಮಾಡುವವಳು ಇಸ್ತ್ರಿ, ನನ್ನ ತಮ್ಮ ಬಾಯ್ಲರ್.

ಕಲ್ಲಿದ್ದಲು ಬಿಟ್ಟು ವಿದ್ಯುತ್ತಿಗೆ ಬದಲಾಗುವ ಕುರಿತು ಸಂವಾದ ನಡೆಸಲು ಇಬ್ಬರು ವಿಜ್ಞಾನಿಗಳು ಬಂದರು. ಮೊದಲೇ ಎರಡು ವಾರ ನಮ್ಮಲ್ಲಿ ಹೊಗೆ, ಬಿಸಿ ಎಲ್ಲ ಅಳತೆ ಮಾಡಿ ಹೋಗಿದ್ದವರು.

"ಸಂವಾದ ಅಂತೆ! ಎಲ್ಲಾ ತೀರ್ಮಾನ ಮಾಡ್ಕೊಂಡೇ ಬಂದಿರ್ತಾರೆ, ನೋಡ್ತಿರು," ಎಂದು ತಮ್ಮ ನನ್ನ ಕಿವಿಯಲ್ಲಿ ಗೊಣಗಿದ. ಹಾಗೆ ಗೊಣಗುತ್ತಲೇ, ವಿಜ್ಞಾನಿ ಮೇಡಂ ಕೂರುವ ಮೊದಲು ಅವರ ಕುರ್ಚಿಯನ್ನು ಬಿಸಿ ಕೊಳವೆಯಿಂದ ಈಚೆಗೆ ಸರಿಸಿದ.

ಚಾದರ ಮಡಚುವ ಮೇಜಿನ ಸುತ್ತ ಎಲ್ಲರೂ ಕೂತೆವು. ಅವರು ತಂದ ಯಂತ್ರಗಳ ಪಟ್ಟಿಯ ಹಾಳೆಯನ್ನು ಗಟ್ಟಿಯಾಗಿ ಓದುವುದು ನನ್ನ ಪಾಲಿಗೆ ಬಿತ್ತು.

"ಬಾಯ್ಲರ್: ತೀರಾ ಹಳೆಯದು. ಹೊಗೆ ಜಾಸ್ತಿ. ಬಿಸಿಯೇರಲು ಬಹಳ ಹೊತ್ತು ಬೇಕು. ಮಾರ್ಚ್ ಒಳಗೆ ತೆಗೆದುಹಾಕತಕ್ಕದ್ದು."

ಇಸ್ತ್ರಿ ಕಿಸಕ್ಕನೆ ನಕ್ಕಳು. "ಎರಡೇ ವಾರಕ್ಕೆ ಎಷ್ಟು ಚೆನ್ನಾಗಿ ಕಂಡುಹಿಡಿದಿದ್ದಾರಕ್ಕಾ! ಬಿಸಿಯೇರೋದೊಂದು ತಪ್ಪು. ನಮ್ಮ ಬಾಯ್ಲರ್ ಅಣ್ಣನಿಗೆ ಥಟ್ಟಂತ ಏರುತ್ತೆ."

ಮೇಡಂ ಗಾಬರಿಯಾದರು. "ಅಯ್ಯೋ, ಅದು ಯಂತ್ರದ ಬಗ್ಗೆ!"

ತಮ್ಮ ನಗಲಿಲ್ಲ. "ಗೊತ್ತು ಮೇಡಂ. ಆ ಬಾಯ್ಲರಿಗೆ ಬರೆದ್ರಿ. ಈ ಬಾಯ್ಲರಿಗೆ ಎಲ್ಲಿ ಬರೆದಿದ್ದೀರಿ?"

ಮೇಡಂ ಹಾಳೆಯ ಎರಡೂ ಬದಿ ನೋಡಿದರು. ಅವರ ಜೊತೆಗಾರರು, "ಕೆಲಸದ ವಿಷಯ ನಮ್ಮ ಅಧ್ಯಯನದ ವ್ಯಾಪ್ತಿಗೆ ಬರಲ್ಲ," ಎಂದರು.

"ಹೊಗೆ ಬರುತ್ತೆ, ಹೊಗೆ ಕುಡಿದೋನು ಬರಲ್ಲ!" ಎಂದ ತಮ್ಮ.

ಎಲ್ಲರ ಕಣ್ಣೂ ಮೇಜಿನ ತುದಿಯಲ್ಲಿ ಕೂತಿದ್ದ ಲಾಂಡ್ರಿಯ ಯಜಮಾನರತ್ತ ತಿರುಗಿತು. "ನೋಡೋಣ," ಎಂದರು ಅವರು.

"ನೀವು ನೋಡೋಣ ಅಂದ್ರೆ ಇಲ್ಲ ಅಂತ ಅಲ್ವಾ ಯಜಮಾನ್ರೇ? ಫ್ಯಾನ್ ಕೇಳಿದಾಗ್ಲೂ ಹೀಗೇ ನೋಡ್ತಾ ಕೂತ್ರಿ," ಎಂದ ತಮ್ಮ.

ಮೇಡಂ ಜೊತೆಗಾರರ ಮುಖ ನೋಡಲಿಲ್ಲ. "ಬರೀಬೇಕಿತ್ತು, ಬರೆದಿಲ್ಲ. ತಪ್ಪು ನಮ್ಮದೇ. ಹೊಸ ಯಂತ್ರಕ್ಕೂ ಒಬ್ಬರು ಬೇಕೇ ಬೇಕು. ಇದನ್ನ ಷರತ್ತು ಅಂತ ಸೇರಿಸ್ತೀನಿ. ಯಜಮಾನ್ರು ಸಹಿ ಹಾಕದಿದ್ರೆ ನಮ್ಮ ವರದಿ ಮುಂದೆ ಹೋಗಲ್ಲ, ಹೊಸ ಯಂತ್ರಾನೂ ಬರಲ್ಲ," ಎಂದು ಚೀಲದಿಂದ ಪೆನ್ಸಿಲ್ ತೆಗೆದರು.

"ಪೆನ್ಸಿಲ್ಲಾ?" ತಮ್ಮನ ಹುಬ್ಬು ಗಂಟಿಕ್ಕಿತು. "ಅಕ್ಕಾ, ನಿನ್ನ ಗುರುತಿನ ಶಾಯಿ ತಾ."

ಯಾವ ಆಸ್ಪತ್ರೆಯದೆಂದು ಚಾದರದ ಮೂಲೆಯಲ್ಲಿ ಬರೆಯುವ ಶಾಯಿ ಅದು. ಕುದಿಯುವ ನೀರಿಗೂ ಜಗ್ಗುವುದಿಲ್ಲ. ಮೇಡಂ ಅದರಲ್ಲೇ ದಪ್ಪಗೆ ಬರೆದರು: 'ಹೊಸ ಯಂತ್ರ ನೋಡಿಕೊಳ್ಳುವ ಕೆಲಸ, ತರಬೇತಿಯ ಸಮೇತ, ಈಗ ಬಾಯ್ಲರ್ ಕಾಯಿಸುವವರಿಗೇ.' ಯಜಮಾನರು ಜೇಬಿನಲ್ಲಿ ಪೆನ್ನು ತಡಕಾಡುತ್ತಿದ್ದರೆ, ಇಸ್ತ್ರಿ ಶಾಯಿಕಡ್ಡಿಯನ್ನೇ ಅವರ ಕೈಗಿತ್ತಳು. ಸಹಿ ಬಿತ್ತು. ಬೆರಳೂ ಕಪ್ಪಾಯಿತು.

ತಮ್ಮ ಹಾಳೆಯನ್ನು ಒಯ್ದು ನಲ್ಲಿಯಡಿ ಹಿಡಿದುಬಿಟ್ಟ. ಜೊತೆಗಾರರು ಹೌಹಾರಿದರು. ಮುದ್ರಿಸಿದ ಸಾಲುಗಳೆಲ್ಲ ಹರಡಿ ಮಸುಕಾದವು. ಕೈಬರಹ, ಸಹಿ ಮಾತ್ರ ಹಾಗೆಯೇ ಇದ್ದವು.

ಮೇಡಂ ಸಿಟ್ಟಾಗಲಿಲ್ಲ. ಒದ್ದೆ ಹಾಳೆಯನ್ನು ಹರಿಯದಂತೆ ಎರಡೂ ಕೈಯಲ್ಲಿ ಹಿಡಿದು ಇಸ್ತ್ರಿಯ ಮೇಜಿನ ಮೇಲೆ ಹರಡಿದರು. ಅದು ಒಣಗುವವರೆಗೂ ನನ್ನ ತಮ್ಮ ಮೇಜಿನ ಪಕ್ಕದಿಂದ ಕದಲಲಿಲ್ಲ. ಆಮೇಲೆ ಹಾಳೆಯನ್ನು ಮಡಚಿ ತನ್ನ ಅಂಗಿಯ ಜೇಬಿಗೆ ಸೇರಿಸಿದ.

"ಇದು ನನ್ನ ಹತ್ರಾನೇ ಇರ್ಲಿ ಮೇಡಂ. ನಿಮಗೆ ಬೇಕಾದ್ರೆ ಫೋಟೋ ತಗೊಳ್ಳಿ."